ರೇಣುಕಾದೇವಿ ಇಳಿದ ಜಾಗ

ಹೊಸಪೇಟೆಯಿಂದ ಸಂಡೂರಿಗೋ ಕಂಪ್ಲಿಗೋ ಸರ್ಕಾರಿ ಬಸ್ಸಿನಲ್ಲಿ ಓಡಾಡಿದವರಿಗೆ ಕಂಡಕ್ಟರ್ ರೇಣುಕಾದೇವಿ ಗೊತ್ತಿರಲೇಬೇಕು. ಹೆಸರು ಗೊತ್ತಿರದಿದ್ದರೂ ದನಿಯಂತೂ ಗೊತ್ತಿರುತ್ತದೆ. "ಒಳಗ ಸರೀರಿ, ಒಳಗ ಜಾಗ ಐತಿ. ಬಾಗಲ್ದಾಗ ಏನ್ ಲಗ್ನದ ಊಟ ಬಡಸಾಕತ್ತಾರೇನು?" ಎಂದು ಆಕೆ ಹಿಂದಿನ ಬಾಗಿಲಿನಿಂದ ಕೂಗಿದರೆ ಮುಂದಿನ ಸೀಟಿನಲ್ಲಿ ಕೂತವರೂ ಒಂದು ಗೇಣು ಸರಿಯುತ್ತಿದ್ದರು. ಎತ್ತರದ ಹೆಂಗಸಲ್ಲ. ಆದರೆ ಖಾಕಿ ಅಂಗಿ ತೊಟ್ಟು, ಚರ್ಮದ ಚೀಲ ಹೆಗಲಿಗೆ ಹಾಕಿ, ಕಂಬ ಹಿಡಿಯದೆ ನಡುದಾರಿಯಲ್ಲಿ ನಿಂತರೆ ಡ್ರೈವರ್ ಎಂಥ ಬ್ರೇಕು ಹಾಕಿದರೂ ಅಲುಗುತ್ತಿರಲಿಲ್ಲ.

ಮನೆ ಅಣೆಕಟ್ಟಿನ ಪಕ್ಕದ ಟಿ.ಬಿ. ಡ್ಯಾಮ್ ಊರಿನಲ್ಲಿ. ಗಂಡ ಪಂಪೇಶ ಕಾಲುವೆ ಆಫೀಸಿನವನು. ಬೆಳಗ್ಗೆ ಸಂಜೆ ಕಾಲುವೆಯ ಗೋಡೆಗೆ ಬಳಿದ ಗುರುತು ನೋಡಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಎಂದು ಮೇಲಿನವರಿಗೆ ತಿಳಿಸುವುದು ಅವನ ಕೆಲಸ. ಹಾಗಾಗಿ ಎಲ್ಲ ವಸ್ತುವೂ ಮಟ್ಟವಾಗಿರಬೇಕು ಎಂಬುದೊಂದು ಹುಚ್ಚು ಅವನಿಗೆ. ಮನೆಯಲ್ಲಿ ಪಟ ಒಂದು ನೂಲು ಓರೆಯಾಗಿದ್ದರೂ ಊಟ ಬಿಟ್ಟು ಎದ್ದು ಸರಿ ಮಾಡುತ್ತಾನೆ. ಅವನ ತಾಯಿ ದುರ್ಗಕ್ಕ, ವಯಸ್ಸಿನಲ್ಲಿ ಕಾಲುವೆಗೆ ಕಲ್ಲು ಹೊತ್ತವಳು. ರೇಣುಕಾದೇವಿಯಿಂದ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿಸಿದವಳೂ ಅವಳೇ. "ಬಿಸಿಲಾಗ ಕಲ್ಲು ಹೊರೋದಕ್ಕಿಂತ ನೆರಳಾಗ ನಿಂತು ಚೀಟಿ ಹರಿಯೋದು ಬೇಸು, ಹೋಗು" ಎಂದು ಸೊಸೆಯನ್ನು ಕಳಿಸಿ, ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡವಳು. ಆ ಮೊಮ್ಮಗಳು ಭವ್ಯ ಈಗ ಸಂಡೂರಿನ ಕಡೆ ಒಂದು ಗಣಿಯಲ್ಲಿ ಸರ್ವೇಯರ್. ಗಣಿಯ ಜೀಪನ್ನು ಗುಡ್ಡದ ಮೇಲೆ ತಾನೇ ಓಡಿಸಿಕೊಂಡು ಹೋಗುತ್ತಾಳೆ.

ಈ ವರ್ಷ ಜುಲೈ ಕೊನೆಗೆ ರೇಣುಕಾದೇವಿ ರಿಟೈರಾದಳು. ಡಿಪೋದವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಜೀಪಿನಲ್ಲಿ ಮನೆತನಕ ಬಿಟ್ಟರು. ಮರುದಿನ ನಸುಕಿಗೇ ಎದ್ದು, ನೀರು ಕಾಸಿ, ಸ್ನಾನ ಮುಗಿಸಿ, ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ನೆನಪಾಗಿ ಕಟ್ಟೆಯ ಮೇಲೆ ಕೂತಳು. ಹಿಂಗೇ ಒಂದು ವಾರ. ಬಸ್ಸಿನ ಹಾರ್ನು ಕೇಳಿದರೆ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. ಇದನ್ನು ಕಂಡೇ ಭವ್ಯ ಒಂದು ಉಪಾಯ ತೆಗೆದಳು.

"ಅಮ್ಮ, ಹುಬ್ಬಳ್ಳಿಯಾಗ ಕ್ಯಾರವಾನ್ ಬಾಡಿಗಿಗೆ ಕೊಡ್ತಾರ. ಮನಿ ಇದ್ದಂಗ ಇರ್ತೈತಿ. ಒಳಗ ಮಂಚ, ಗ್ಯಾಸ್ ಒಲಿ, ಫ್ರಿಜ್ಜು, ಪಾಯಖಾನಿ, ಎಲ್ಲಾ. ನಾ ನಾಲ್ಕು ದಿನ ರಜಾ ಹಾಕ್ತೀನಿ. ಎಲ್ಲಾರೂ ಗೋವಾಕ್ಕ ಹೋಗಾಮು."

"ಮನಿಗೆ ಗಾಲಿ ಹಚ್ಯಾರಾ?" ಎಂದಳು ದುರ್ಗಕ್ಕ. "ಬಾಡಿಗಿ ಕೇಳಾಕ ಬಂದ್ರ ಮನಿ ಸಮೇತ ಓಡಿ ಹೋಗಾಕ ಚಲೋ ಆತು ಬಿಡು."

ರೇಣುಕಾದೇವಿ "ಗೋವಾ ಬ್ಯಾಡ. ಸಂಡೂರಿಗೆ ಹೋಗಾಮು. ಆಮ್ಯಾಗ ಹಂಪಿ ಕಡೆ, ಆಮ್ಯಾಗ ಕಂಪ್ಲಿ" ಎಂದಳು.

ಭವ್ಯ ನಕ್ಕೇಬಿಟ್ಟಳು. "ಅಮ್ಮ, ನಾ ದಿನಾ ಸಂಡೂರಿಗೇ ಡ್ಯೂಟಿಗೆ ಹೋಗ್ತೀನಿ!"

"ನಾನೂ ದಿನಾ ಹೋದಾಕಿನೇ. ಆದ್ರ ಎಲ್ಲ್ಯರ ಇಳದೀನೇನು? ಬಸ್ ಸ್ಟ್ಯಾಂಡಿಗೆ ಹೋಗಿ, ಚಾ ಕುಡದು, ತಿರಿಗಿ ಬಂದೀನಿ. ಕಿಟಿಕ್ಯಾಗ ಎಷ್ಟು ಚಂದ ಚಂದ ಜಾಗ ಕಂಡಾವ ಗೊತ್ತೇನು ನಿನಗ? ಯಾರರ ಸೀಟಿ ಹೊಡದು ಬಸ್ ನಿಲ್ಲಿಸಿ, ನಾ ಇಲ್ಲಿ ಸ್ವಲ್ಪ ಕುಂತು ಬರ್ತೀನಿ ಅನ್ನಾಕ ಬರ್ತೈತೇನು? ಎಲ್ಲೆಲ್ಲಿ ನಿಲ್ಲಬೇಕು ಅನ್ನೋದು ನಾ ಹೇಳ್ತೀನಿ. ನೀ ಗಾಡಿ ಹೊಡಿ."

ಆ ಮಾತು ಹೇಳುವಾಗ ಆಕೆಯ ಮುಖ ನೋಡಿದ ಭವ್ಯ ಗೋವಾದ ಹೆಸರು ಮತ್ತೆ ಎತ್ತಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ಗಾಡಿ ಬಂತು. ಬಿಳಿ ಬಣ್ಣದ ಉದ್ದನೆಯ ಗಾಡಿ, ಕಿಟಕಿಗೆ ಪರದೆ, ತಲೆಯ ಮೇಲೆ ನೀರಿನ ಟ್ಯಾಂಕು. ಭವ್ಯ ಸ್ಟೇರಿಂಗಿನ ಮುಂದೆ ಅಂಗೈಯಷ್ಟು ಬುದ್ಧನ ಗೊಂಬೆ ಅಂಟಿಸಿದಳು. ದುರ್ಗಕ್ಕ ಕೆಳಗಿನ ಬಂಪರಿಗೆ ನಿಂಬೆಹಣ್ಣು ಕಟ್ಟಿದಳು. ಎರಡೂ ಇರಲಿ ಎಂದು ಯಾರೂ ತಕರಾರು ಮಾಡಲಿಲ್ಲ. ತಕರಾರು ಎದ್ದದ್ದು ಗಾಡಿಯ ಒಳಗೆ. ಅಡುಗೆಯ ಕಟ್ಟೆಯ ಎದುರಿಗೇ ಪಾಯಖಾನೆಯ ಬಾಗಿಲು ನೋಡಿ ದುರ್ಗಕ್ಕ ಹಿಂದೆ ಸರಿದಳು. "ರೊಟ್ಟಿ ಬಡಿಯೋ ಜಾಗದಾಗ ಅದಾ? ನಾ ಅದರಾಗ ಕಾಲಿಡಂಗಿಲ್ಲ. ಬ್ಯಾರೆ ಪಾಯಖಾನಿ ಇರೋ ಕಡೆನೇ ಗಾಡಿ ನಿಲ್ಲಿಸ್ರಿ."

ಪಂಪೇಶನ ಷರತ್ತು ನೆಲ ಮಟ್ಟವಾಗಿರಬೇಕು ಎಂಬುದು. ಗೌಂಡಿಗಳು ಗೋಡೆ ಕಟ್ಟುವಾಗ ಇಡುವ ರಸಮಟ್ಟವನ್ನು ಅವನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದ. ಭವ್ಯಳಿಗೆ ಫೋನಿನ ಸಿಗ್ನಲ್ ಬೇಕು, ಆಫೀಸಿನವರು ಯಾವಾಗ ಕರೆಯುತ್ತಾರೋ. ರೇಣುಕಾದೇವಿ ಕೇಳಿದ್ದು ಒಂದೇ: ಕೂತರೆ ಕಣ್ಣಿಗೆ ಚಂದ ಕಾಣಬೇಕು.

ಮೊದಲ ಜಾಗವನ್ನು ಆಕೆ ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಸಂಡೂರಿನ ದಾರಿಯ ಒಂದು ತಿರುವು, ಅಲ್ಲಿ ಎರಡು ಹುಣಸೆ ಮರ, ಹಿಂದೆ ಹಸಿರು ಗುಡ್ಡ. ಬಸ್ಸು ವೇಗ ತಗ್ಗಿಸಿ ತಿರುಗುವಾಗ, ಒಬ್ಬರಿಗೆ ಚಿಲ್ಲರೆ ಕೊಟ್ಟು ಇನ್ನೊಬ್ಬರನ್ನು ಎಲ್ಲಿಗೆ ಎಂದು ಕೇಳುವ ಮಧ್ಯೆ, ಅದು ಕಿಟಕಿಯಲ್ಲಿ ಹಾದು ಹೋಗುತ್ತಿತ್ತು. ಭವ್ಯ ಮೊದಲೇ ಅಂದಳು: "ಅಮ್ಮ, ಆ ರೋಡಿನ್ಯಾಗ ಅದಿರಿನ ಲಾರಿ ಭಾಳ." ರೇಣುಕಾದೇವಿ ಕೇಳಲಿಲ್ಲ. "ನಿಂಗೇನು ಗೊತ್ತು, ನೀ ಬರೇ ನೆಲ ಅಳಿಯಾಕಿ."

ಹುಣಸೆ ಮರದ ಕೆಳಗೆ ಗಾಡಿ ನಿಂತಿತು. ನಿಜವಾಗಿಯೂ ಚಂದದ ಜಾಗ. ಗುಡ್ಡದ ನೆತ್ತಿಗೆ ಮೋಡ ತಾಗಿತ್ತು, ಮಳೆಗೆ ಚಿಗುರಿದ ಹುಲ್ಲು ಗಾಳಿಗೆ ಬಾಗುತ್ತಿತ್ತು. ಭವ್ಯ ಬಾಗಿಲ ಬಳಿ ಮಡಚುವ ಕುರ್ಚಿಗಳನ್ನು ಹಾಕಿದಳು. ರೇಣುಕಾದೇವಿ ಚಹಾ ಸೋಸಿ ಮೇಜಿನ ಮೇಲಿಟ್ಟಳು. ಲೋಟ ಮೆಲ್ಲಗೆ ಜಾರುತ್ತ ಜಾರುತ್ತ ಮೇಜಿನ ಅಂಚಿಗೆ ಬಂದು, ಪಂಪೇಶ ಕೈಚಾಚುವುದರೊಳಗೆ ಕೆಳಗೆ ಬಿತ್ತು.

"ನೋಡಿದ್ಯಾ? ನೆಲಾ ಇಳಿಜಾರು" ಎಂದು ಅವನು ರಸಮಟ್ಟ ತೆಗೆಯುವಷ್ಟರಲ್ಲಿ ಮೊದಲ ಲಾರಿ ಬಂತು. ಹಿಂದೆಯೇ ಎರಡನೆಯದು. ಅದರ ಹಿಂದೆ ಸಾಲು. ಬಸ್ಸು ಇಲ್ಲಿ ನಿಲ್ಲದೆ ಹೋಗುತ್ತಿದ್ದುದರಿಂದ ರೇಣುಕಾದೇವಿಗೆ ಯಾವತ್ತೂ ತಿಳಿಯದ ಸಂಗತಿ ಇದು: ಲಾರಿಗಳು ಈ ತಿರುವಿನಲ್ಲೇ ಗೇರು ಬದಲಿಸುತ್ತವೆ, ಗೇರು ಬದಲಿಸುವಾಗ ಕುಲುಕುತ್ತವೆ, ಕುಲುಕಿದಾಗ ಹೊದಿಕೆಯ ಸಂದಿಯಿಂದ ಕೆಂಪು ಧೂಳು ಏಳುತ್ತದೆ. ಒಂದು ತಾಸು ಕಳೆಯುವಷ್ಟರಲ್ಲಿ ಬಿಳಿಯ ಗಾಡಿ ಕುಂಕುಮದ ಡಬ್ಬಿಯಂತಾಯಿತು. ದುರ್ಗಕ್ಕ ಕಿಟಕಿಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಬೆಳ್ಳಗಿದ್ದ ತಲೆ ಕೆಂಪಾಗಿತ್ತು.

"ಏ ಭವ್ಯ, ಪುಕ್ಕಟ್ಟೆ ಮೆಹಂದಿ ಆತು ನನಗ" ಎಂದಳು.

ರೇಣುಕಾದೇವಿ ಕುರ್ಚಿ ಮಡಚಿದಳು. ನಗಬಾರದೆಂದು ಮಗಳು ಬಹಳ ಪ್ರಯತ್ನಪಟ್ಟಳು, ಆಗಲಿಲ್ಲ. ಕೊನೆಗೆ ತಾಯಿಯೂ ನಕ್ಕಳು.

ಅವತ್ತು ಸಂಡೂರಿನ ಹತ್ತಿರ ಒಂದು ಪೆಟ್ರೋಲ್ ಬಂಕಿನ ಹಿಂದಿನ ಅಂಗಳದಲ್ಲಿ ಕೇಳಿಕೊಂಡು ಗಾಡಿ ನಿಲ್ಲಿಸಿದರು. ಸುತ್ತ ಕಾಂಪೌಂಡು, ನೋಡಲು ಏನೂ ಇಲ್ಲ. ಆದರೆ ದುರ್ಗಕ್ಕನಿಗೆ ಅದೇ ಸ್ವರ್ಗ. ತೊಳೆದಿಟ್ಟ ಪಾಯಖಾನೆ, ನಲ್ಲಿಯಲ್ಲಿ ನೀರು, ಮಾತಾಡಲು ಬಂಕಿನ ಹುಡುಗಿಯರು. ಬೆಳಗ್ಗೆ ಹೊರಡುವಾಗ ಆಕೆ, "ಇದಕ್ಕಿಂತ ಚಲೋ ಜಾಗ ಎಲ್ಲೈತಿ? ನಾಲ್ಕೂ ದಿನ ಇಲ್ಲೇ ಇದ್ದುಬಿಡಾಮು" ಎಂದು ಮುನಿಸಿಕೊಂಡೇ ಗಾಡಿ ಹತ್ತಿದಳು.

ಎರಡನೆಯ ದಿನ ಹಂಪಿಯ ಕಡೆ. ಬಂಡೆಗಳ ನಡುವೆ ಒಂದು ಬಯಲು ಕಂಡು ಪಂಪೇಶ ಇಳಿದು ರಸಮಟ್ಟ ಇಟ್ಟ. ಮಟ್ಟ ಸರಿಯಾಗಿತ್ತು. ಆದರೆ ಕಾವಲಿನವರೊಬ್ಬರು ಬಂದು, "ನೋಡ್ಕೊಂಡು ಹೋಗ್ರಿ, ಆದ್ರ ಇಲ್ಲಿ ಗಾಡಿ ಹಾಕಿ ವಸ್ತಿ ಮಾಡಂಗಿಲ್ರಿ" ಎಂದು ಮರ್ಯಾದೆಯಿಂದಲೇ ಹೇಳಿದರು. "ಇರ್ಲಿ ಬಿಡ್ರಿ, ನಂದು ಬ್ಯಾರೆ ಜಾಗ ಐತಿ" ಎಂದು ರೇಣುಕಾದೇವಿ ಕಮಲಾಪುರದ ಕೆರೆಯ ಕಡೆ ಕೈ ತೋರಿಸಿದಳು.

ಕಂಪ್ಲಿಗೆ ಹೋಗುವ ಬಸ್ಸಿನಿಂದ ಆಕೆ ಆ ಕೆರೆಯನ್ನು ನೋಡುತ್ತಲೇ ಬಂದಿದ್ದಳು. ಬೆಳಗಿನ ಟ್ರಿಪ್ಪಿನಲ್ಲಿ ನೀರಿನ ಮೇಲೆ ಬಿಸಿಲು ಬಿದ್ದಾಗ ಬಸ್ಸಿನ ಒಳಗಿನ ತಗಡೆಲ್ಲ ಮಿನುಗುತ್ತಿತ್ತು. ರಸ್ತೆಯ ಮಗ್ಗುಲಿಗೆ ಅಗಲವಾದ ಜಾಗ ನೋಡಿ ಗಾಡಿ ಹಾಕಿದರು. ಧೂಳಿಲ್ಲ, ಇಳಿಜಾರಿಲ್ಲ. ದೂರದಲ್ಲಿ ಬಾಳೆಯ ತೋಟ, ನೀರಿನಲ್ಲಿ ಕೊಕ್ಕರೆಗಳು. ರೇಣುಕಾದೇವಿ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಕಣ್ಣು ಅರೆ ಮುಚ್ಚಿದಳು.

ಬಸ್ಸಿನ ಬ್ರೇಕು ಕಿರ್‍ರೆಂದಿತು.

"ರೇಣಕ್ಕಾ! ಏನಾತ್ರಿ, ಗಾಡಿ ಕೆಟ್ಟತೇನ್ರಿ?" ಆಕೆಯ ಜೊತೆ ಬಹಳ ವರ್ಷ ಡ್ಯೂಟಿ ಮಾಡಿದ ಡ್ರೈವರ್ ಕೊಟ್ರಬಸಪ್ಪ. ಬಸ್ಸು ತುಂಬ ಜನರನ್ನು ಕೂರಿಸಿಕೊಂಡು, ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಇಳಿದೇಬಿಟ್ಟಿದ್ದ.

"ಕೆಟ್ಟಿಲ್ಲೋ ತಮ್ಮಾ, ನಾವು ಸುಮ್ನ ಕುಂತೀವಿ."

"ಸುಮ್ನ ಯಾಕ ಕುಂದ್ರತೀರಿ? ನಾಚಿಗಿ ಬ್ಯಾಡ್ರಿ, ಹೇಳ್ರಿ. ಬೆಲ್ಟ್ ಹೋತೇನು?" ಎಂದು ಅವನು ಮುಂದಿನ ಮುಚ್ಚಳ ಎತ್ತಲು ಹೊರಟ. ಅಷ್ಟರಲ್ಲಿ ಬಸ್ಸಿನಿಂದ ಜನ ಇಳಿಯತೊಡಗಿದರು. ಒಬ್ಬರು ಗಾಡಿಯ ಜೊತೆ ಫೋಟೋ ತೆಗೆಸಿಕೊಂಡರು. ಇಬ್ಬರು ಹೆಂಗಸರು ಒಳಗೆ ಹೋಗಿ ಹಾಸಿಗೆ ಒತ್ತಿ ನೋಡಿದರು. ಕಾಯಿಪಲ್ಯದ ಬುಟ್ಟಿಯವಳೊಬ್ಬಳು ರೇಣುಕಾದೇವಿಯ ಕೈ ಹಿಡಿದು, "ನೀವಿಲ್ದ ಬಸ್ಸು ಬಸ್ಸಿನಂಗ ಇಲ್ರಿ ಯವ್ವಾ" ಎಂದು ಕಣ್ಣೊರೆಸಿಕೊಂಡಳು. ಹೊಸ ಕಂಡಕ್ಟರ್ ಪಾಪ ಫುಟ್‌ಬೋರ್ಡಿನ ಮೇಲೆ ನಿಂತು ಯಾರನ್ನು ಕೂಗಬೇಕೋ ತಿಳಿಯದೆ ನೋಡುತ್ತಿದ್ದ. ಕೊನೆಗೆ ರೇಣುಕಾದೇವಿಯೇ ಎದ್ದು, ಎಲ್ಲರನ್ನೂ ಬೈದು ಹತ್ತಿಸಿ, ಬಸ್ಸಿನ ಬೆನ್ನಿಗೆ ಎರಡು ಸಲ ಬಡಿದು ಕಳಿಸಬೇಕಾಯಿತು.

ಅರ್ಧ ತಾಸಿಗೆ ಕಂಪ್ಲಿಯಿಂದ ಬರುವ ಬಸ್ಸು ನಿಂತಿತು. ಅದರ ಹಿಂದೆ ಇನ್ನೊಂದು. "ಗಾಡಿ ಕೆಟ್ಟತೇನ್ರಿ?"

ಪಂಪೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಲೇ ರೇಣುಕಾ, ನೀ ಕೆರಿ ನೋಡಾಕ ಬಂದ್ಯೋ, ಊರು ನಿನ್ನ ನೋಡಾಕ ಬಂತೋ?"

ಅಲ್ಲಿಂದ ಕಿತ್ತರು. ಹತ್ತಿರದ ಮಲಪನಗುಡಿ ದುರ್ಗಕ್ಕನ ತವರು. ಅವಳ ತಮ್ಮ ಹಂಪಯ್ಯ ಅಲ್ಲಿದ್ದಾನೆ. ಅವನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅದರಲ್ಲೇ ಮಲಗುತ್ತೇವೆ ಎಂದರೆ ಹಂಪಯ್ಯ ಸಿಟ್ಟಿಗೆದ್ದ. "ನಮ್ಮ ಮನ್ಯಾಗ ಚಾಪಿ ಇಲ್ಲೇನು? ಬಂದ ಮಂದಿ ಗಾಡ್ಯಾಗ ಮಲಗಿದ್ರ ಓಣ್ಯಾಗ ನನ್ನ ಮಾನ ಉಳಿತೈತೇನು?" ಕಡೆಗೆ ಆ ರಾತ್ರಿ ಇವರು ನಾಲ್ವರೂ ಅವನ ಪಡಸಾಲೆಯಲ್ಲಿ ಮಲಗಿದರು, ಹಂಪಯ್ಯ ಮಾತ್ರ ಕ್ಯಾರವಾನಿನ ಮೆತ್ತನೆಯ ಹಾಸಿಗೆಯಲ್ಲಿ ಫ್ಯಾನು ಹಾಕಿಕೊಂಡು, ಗಾಡಿ ಕಾಯುತ್ತೇನೆ ಎಂಬ ನೆಪದಲ್ಲಿ, ಗೊರಕೆ ಹೊಡೆದ.

ಮೂರನೆಯ ಬೆಳಗ್ಗೆ ಗಾಡಿ ಕಂಪ್ಲಿಯ ದಾರಿ ಹಿಡಿಯಿತು. ರೇಣುಕಾದೇವಿ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಎಲ್ಲಿ ನಿಲ್ಲಿಸ್ಲಿ, ಹೇಳಮ್ಮ" ಎಂದಳು ಭವ್ಯ.

"ಬಸ್ಸು ಹೋಗದ ಜಾಗ ಇರಬೇಕು."

"ಹಂಗಾರ ಅಂಥಾದ್ದು ಒಂದು ಹೇಳು."

ರೇಣುಕಾದೇವಿ ಯೋಚಿಸಿದಳು. ಒಂದೂ ಹೊಳೆಯಲಿಲ್ಲ. ಈ ತಾಲ್ಲೂಕುಗಳ ಪ್ರತಿಯೊಂದು ಸ್ಟಾಪು, ಪ್ರತಿಯೊಂದು ಹಂಪು ಆಕೆಗೆ ಬಾಯಿಪಾಠ. ಆದರೆ ಟಾರ್ ರೋಡಿನಿಂದ ಆಚೆ ಹೊರಟ ಒಂದೇ ಒಂದು ಮಣ್ಣಿನ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ. ಆ ದಾರಿಗಳಿಂದ ಜನ ಬರುತ್ತಿದ್ದರು, ಬಸ್ಸು ಹತ್ತುತ್ತಿದ್ದರು, ಸಂಜೆ ಇಳಿದು ಆ ದಾರಿಗಳಲ್ಲೇ ಮರೆಯಾಗುತ್ತಿದ್ದರು. ಅಷ್ಟೇ ಆಕೆಗೆ ಗೊತ್ತಿದ್ದದ್ದು. ಯೋಚಿಸಿದಷ್ಟೂ ಒಂದು ಥರದ ಸಂಕೋಚ ಆಯಿತು. ಜೊತೆಗೆ, ಹೇಗೆ ಹೇಳುವುದು, ಒಂದು ಕುತೂಹಲವೂ.

ಮೆಟ್ರಿ ಎಂಬ ಊರಿನ ಸಮೀಪ ಕಾಲುವೆಯ ಪಕ್ಕ ಒಂದು ದಾರಿ ಒಳಗೆ ಹೋಗಿತ್ತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಒಬ್ಬ ಹೆಂಗಸು ಆ ಕಡೆ ತಿರುಗುತ್ತಿದ್ದಳು. "ನಿಲ್ಲಿಸು" ಎಂದು ರೇಣುಕಾದೇವಿ ಇಳಿದಳು. ಇಷ್ಟು ವರ್ಷ ಜನ ಆಕೆಯನ್ನು ದಾರಿ ಕೇಳಿದ್ದರು. ಈಗ ಕೇಳುವುದು ಹೇಗೆಂದು ತಿಳಿಯದೆ ಸೆರಗು ಸರಿ ಮಾಡಿಕೊಂಡಳು.

"ಅಕ್ಕಾ, ಇಲ್ಲಿ ಗಾಡಿ ನಿಲ್ಲಿಸಾಕ ಒಂದು ಚಲೋ ಜಾಗ ಐತೇನು?"

"ಯಾಕ, ಕೆಟ್ಟೈತೇನು?"

"ಇಲ್ಲ, ಸುಮ್ನ. ಒಂದೆರಡು ದಿನ ಕುಂದ್ರಾಕ."

ಹೊರೆಯ ಕೆಳಗಿನಿಂದ ಆ ಹೆಂಗಸು ಗಾಡಿಯನ್ನು ಉದ್ದಕ್ಕೂ ನೋಡಿದಳು. "ಸುಮ್ನ ಕುಂದ್ರಾಕ ಇಷ್ಟು ದೊಡ್ಡ ಗಾಡಿ ತಂದೀರಾ? ಯಾವೂರು, ಯಾರ ಪೈಕಿ ನೀವು?"

ರೇಣುಕಾದೇವಿಗೆ ಖುಷಿಯಾಯಿತು. ಮೂರು ದಿನಗಳಲ್ಲಿ ಆಕೆಯ ಗುರುತು ಹಿಡಿಯದೆ, ಯಾರು ಎಂದು ಕೇಳಿದ ಮೊದಲ ಹೆಂಗಸು ಇವಳೇ. ಹೆಸರು ನಿಂಗಕ್ಕ. ನಾಟಿ, ಕಳೆ, ಕೊಯ್ಲು ಎಂದು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋಗುವವಳು. ಬಸ್ಸು ಹತ್ತುವುದು ವರ್ಷಕ್ಕೊಮ್ಮೆ ಇದ್ದರೆ ಉಂಟು. ಹುಲ್ಲಿನ ಹೊರೆಯನ್ನು ಗಾಡಿಯ ಒಳಗೆ ಎರಡು ಮಂಚಗಳ ನಡುವೆ ಇಟ್ಟು ಅವಳನ್ನೂ ಹತ್ತಿಸಿಕೊಂಡರು. ಕಾಲುವೆಯ ದಂಡೆಗುಂಟ ನಿಧಾನವಾಗಿ ಹೋಗಿ, ಒಂದು ಹೊಂಗೆಯ ಮರದ ಬಳಿ ನಿಂಗಕ್ಕ ಬಲಕ್ಕೆ ತಿರುಗಿಸಲು ಹೇಳಿದಳು.

ಅದೊಂದು ಕಣ. ಸುತ್ತ ನಾಟಿ ಹಚ್ಚಿದ ಗದ್ದೆ, ಮಧ್ಯೆ ಭತ್ತ ಒಣಗಿಸಲು ಹಾಕಿದ ಸಿಮೆಂಟಿನ ನೆಲ, ಮೂಲೆಯಲ್ಲಿ ಪಂಪ್‌ಸೆಟ್ಟಿನ ಕೋಣೆ, ಅದಕ್ಕೆ ಅಂಟಿಕೊಂಡು ಪಾಯಖಾನೆ. ಕಣದ ಒಡೆಯ ಅಂಜಿನಯ್ಯ ಪಂಪಿನ ಹತ್ತಿರವೇ ಇದ್ದ. ವಿಷಯ ಕೇಳಿ ತಲೆ ಕೆರೆದುಕೊಂಡ. "ಭತ್ತ ಕಣಕ್ಕ ಬರೋದು ದೀಪಾವಳಿ ದಾಟಿದ ಮ್ಯಾಲ. ಅಲ್ಲಿಮಟ ಖಾಲಿನ ಐತಿ. ಕುಂದ್ರಿ, ಅದಕ್ಕೇನು ಕೇಳೋದು."

ಪಂಪೇಶ ರಸಮಟ್ಟ ಇಟ್ಟ. ಗುಳ್ಳೆ ನಡುಗೆರೆಯಲ್ಲಿ ಬಂದು ನಿಂತಿತು. ಇನ್ನೊಂದು ಕಡೆ ಇಟ್ಟ, ಅಲ್ಲೂ ಹಾಗೇ. ಅವನು ಎದ್ದು ಅಂಜಿನಯ್ಯನ ಕೈ ಕುಲುಕಿದ. "ಯಾವ ಗೌಂಡಿ ಹಾಕ್ಯಾನ್ರಿ ಇದನ್ನ? ಅವನ್ನ ನೋಡಬೇಕ್ರಿ ನಾನು." ದುರ್ಗಕ್ಕ ಪಾಯಖಾನೆಯನ್ನು ಪರೀಕ್ಷಿಸಿ ಬಂದು ತಲೆಯಾಡಿಸಿದಳು. ಭವ್ಯ ಮಾತ್ರ ಫೋನನ್ನು ಆಕಾಶಕ್ಕೆ ಎತ್ತಿಕೊಂಡು ಕಣದ ನಾಲ್ಕೂ ಮೂಲೆ ಸುತ್ತಿದಳು. ಸಿಗ್ನಲ್ ಇಲ್ಲ. "ದಂಡಿ ಮ್ಯಾಲ ಹತ್ತಿದ್ರ ಬರ್ತೈತ್ರಿ" ಎಂದ ಅಂಜಿನಯ್ಯ. ಅಲ್ಲಿ ಹತ್ತಿ ಆಫೀಸಿಗೆ ಒಂದು ಮಾತು ಹೇಳಿ ಬಂದವಳು ಫೋನನ್ನು ಗಾಡಿಯ ಡಬ್ಬಿಯಲ್ಲಿ ಹಾಕಿ, "ಆತು, ಬೇಕಂದ್ರ ಅವರೇ ಹುಡುಕ್ಲಿ" ಎಂದು ಚಪ್ಪಲಿ ಬಿಟ್ಟಳು.

ಸಂಜೆ ರೇಣುಕಾದೇವಿ ಕಾಲುವೆಯ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟಳು. ಕಿಟಕಿಯಿಂದ ಕಂಡಾಗ ಗದ್ದೆ ಒಂದು ಹಸಿರು ಪಟ್ಟಿ ಮಾತ್ರ. ಇಲ್ಲಿ ಕೂತರೆ ಅದರಲ್ಲಿ ಏಡಿ ಇತ್ತು, ಬೆಳ್ಳಕ್ಕಿ ಇತ್ತು, ಬದುವಿನ ಮೇಲೆ ಒಬ್ಬಾಕೆ ಇನ್ನೊಬ್ಬಾಕೆಯನ್ನು ಬೈಯುತ್ತ ಹೋಗುವುದಿತ್ತು. ನಿಂಗಕ್ಕ ಪುಂಡಿ ಸೊಪ್ಪು ತಂದಿದ್ದಳು. ದುರ್ಗಕ್ಕ ಹೊರಗೆ ಮೂರು ಕಲ್ಲು ಹೂಡಿ ಪಲ್ಯ ಮಾಡಿದಳು. ಗಾಡಿಯ ಗ್ಯಾಸ್ ಒಲೆಯ ಮೇಲೆ ಆಕೆಗೆ ನಂಬಿಕೆ ಇರಲಿಲ್ಲ. ಎಲ್ಲರೂ ಕಣದ ಮೇಲೆ ಸಾಲಾಗಿ ಕೂತು ರೊಟ್ಟಿ ಮುರಿಯುವಾಗ, ರೇಣುಕಾದೇವಿ ಏನು ಕೆಲಸ ಮಾಡುತ್ತಿದ್ದಳು ಎಂದು ನಿಂಗಕ್ಕ ಕೇಳಿದಳು.

ಉತ್ತರ ದುರ್ಗಕ್ಕ ಕೊಟ್ಟಳು. "ಈಕಿ ಕಂಡಕ್ಟರ್. ಸ್ವಂತ ಅತ್ತಿಗೆ ಟಿಕೆಟ್ ಹರದ ಹೆಣ್ಮಗಳು. ಹೊಸದಾಗಿ ಕೆಲಸಕ್ಕ ಸೇರಿದ್ಲು. ನಾ ಠೀವಿಲೆ ಹೋಗಿ ಕುಂತೀನಿ, ಸೊಸಿ ಬಸ್ಸು ಅಂತ. ಈಕಿ ಬಂದಾಕಿನ, ಎಲ್ಲಿಗ್ರಿ ಅಂದ್ಲು. ನನ್ನ! ಎಲ್ಲಿಗ್ರಿ!"

ನಿಂಗಕ್ಕ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ನಕ್ಕಳು. "ಆಮ್ಯಾಗ?"

"ಆಮ್ಯಾಗೇನು, ಮನಿಗೆ ಬಂದು ಮಾತು ಬಿಟ್ಟೆ."

"ಹೌದು, ಶ್ರಾವಣಕ್ಕ ಬಿಟ್ಟಾಕಿ ಸಂಕ್ರಾಂತಿಗೆ ಮಾತಾಡಿದ್ರಿ" ಎಂದಳು ರೇಣುಕಾದೇವಿ. "ನನಗಾದ್ರೂ ಏನು ಮಾಡಾಕ ಬರ್ತಿತ್ತು ಅತ್ತೀ? ಮುಂದಿನ ಸ್ಟಾಪಿನ್ಯಾಗ ಚೆಕಿಂಗ್‌ನವ್ರು ನಿಂತಿದ್ರು."

"ಗೊತ್ತೈತಿ. ನಾನೂ ನೋಡಿದ್ದೆ ಅವರನ್ನ." ದುರ್ಗಕ್ಕ ಪಲ್ಯ ಬಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು. "ನಿನ್ನ ಜೊತಿ ಮಾತು ಬಿಟ್ಟಿದ್ದೆ ಅಷ್ಟ. ಓಣಿ ತುಂಬ ಹೇಳ್ಕೊಂತ ತಿರಿಗಿದ್ದೆ, ನನ್ನ ಸೊಸಿ ಅಂದ್ರ ಅತ್ತಿಗೂ ಬಿಡಂಗಿಲ್ಲ, ಹಂಗಾಕಿ ಅಂತ. ಮಲಪನಗುಡಿಗೆ ಹೋಗಿ ತಮ್ಮಗೂ ಹೇಳಿ ಬಂದಿದ್ದೆ."

ಇದು ರೇಣುಕಾದೇವಿಗೆ ಗೊತ್ತಿರಲಿಲ್ಲ. ಆಕೆ ಎದ್ದು, ತನ್ನ ಪಾಲಿನ ಶೇಂಗಾ ಚಟ್ನಿಯನ್ನೆಲ್ಲ ಅತ್ತೆಯ ತಟ್ಟೆಗೆ ಸುರಿದಳು. "ಇಷ್ಟು ಖಾರ ನಾ ಹೆಂಗ ತಿನ್ಲೇ" ಎಂದು ದುರ್ಗಕ್ಕ ಬೈದಳು. ಬೈದು ಪೂರ್ತಿ ತಿಂದಳು.

ನಾಲ್ಕನೆಯ ದಿನ ಮಧ್ಯಾಹ್ನ ಹೊರಡಬೇಕು. ಬೆಳಗ್ಗೆ ಮಳೆ ಸುರಿಯಿತು. ಜೋರು ಮಳೆ, ಗಾಡಿಯ ತಗಡಿನ ಮೇಲೆ ಜೋಳ ಹುರಿದಂತೆ ಸದ್ದು. ನಿಂತ ಮೇಲೆ ನೋಡಿದರೆ ಕಣವೇನೋ ತೊಳೆದ ತಟ್ಟೆಯಂತಿತ್ತು. ಕಣದಿಂದ ದಂಡೆಗೆ ಹತ್ತುವ ದಾರಿ ಮಾತ್ರ ಅಪ್ಪಟ ಎರೆಮಣ್ಣು. ಭವ್ಯ ಗಾಡಿ ಇಳಿಸಿದಳು. ಎರಡು ಮಾರು ಹೋಗುವಷ್ಟರಲ್ಲಿ ಹಿಂದಿನ ಗಾಲಿಗಳು ಅರ್ಧ ಹೂತುಕೊಂಡವು. ಒತ್ತಿದಷ್ಟೂ ಒಳಗೆ ಇಳಿದವು. ಕೆಸರು ಹಾರಿ ತಳ್ಳಲು ನಿಂತಿದ್ದ ಪಂಪೇಶನ ಕನ್ನಡಕ ಮುಚ್ಚಿತು.

"ಮಟ್ಟ ನೋಡಿದ್ನಿ," ಎಂದ ಅವನು ಕನ್ನಡಕ ತೆಗೆದು, "ಮಣ್ಣು ನೋಡ್ಲಿಲ್ಲ."

ಅಂಜಿನಯ್ಯ ಬಂದು ಗಾಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಇವತ್ತು ಟ್ರ್ಯಾಕ್ಟರ್ ಇಳಿಸಿದ್ರ ಅದೂ ಇದರ ಜೊತಿ ಕುಂದ್ರತೈತ್ರಿ. ಬಿಸಿಲು ಬೀಳ್ಲಿ, ನಾಳೆ ಎಳಿಯಾಮು." ಭವ್ಯ ದಂಡೆ ಹತ್ತಿ ಹುಬ್ಬಳ್ಳಿಯ ಗಾಡಿಯವರಿಗೂ ತನ್ನ ಆಫೀಸಿಗೂ ಫೋನು ಮಾಡಿ ಬಂದಳು. ಗಾಡಿಯವರು, ಅವಸರ ಬೇಡ, ಗಾಡಿ ಜೋಪಾನ ಎಂದರಂತೆ. ರೇಣುಕಾದೇವಿ "ಅಯ್ಯೋ, ಹಿಂಗಾತಲ್ಲ" ಎಂದು ಬಾಯಲ್ಲಿ ಅಂದಳು. ಮುಖದಲ್ಲಿ ಅಯ್ಯೋ ಎಂಬುದು ಎಲ್ಲೂ ಇರಲಿಲ್ಲ.

"ಅಮ್ಮ, ನಿಂಗ ಖುಷಿ ಆಗೈತಿ."

"ಸುಮ್ನಿರು. ರಜಾ ಹೋತು ನಿಂದು ಅಂತ ಸಂಕಟಪಡಾಕತ್ತೀನಿ" ಎನ್ನುತ್ತ ಆಕೆ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ನಿಂಗಕ್ಕನ ಹಿಂದೆ ಹೊರಟಾಗಿತ್ತು. ಪಕ್ಕದ ಗದ್ದೆಯಲ್ಲಿ ನಾಟಿ ನಡೆದಿತ್ತು. ಹೆಂಗಸರು ಸಾಲಾಗಿ ಬಾಗಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಊರುತ್ತಿದ್ದರು. ನಾನೂ ಊರುತ್ತೇನೆ ಎಂದು ರೇಣುಕಾದೇವಿ ಕೆಸರಿಗೆ ಇಳಿದಳು. ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಲ್ಲುತ್ತಿದ್ದ ಕಾಲು ಇಲ್ಲಿ ಮೊದಲ ಹೆಜ್ಜೆಗೇ ತಪ್ಪಿತು. ತೊಪ್ಪನೆ ಕೂತಳು. ಗದ್ದೆಯ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಕ್ಕರು, ಆಕೆಯೂ ಕೂತಲ್ಲೇ ನಕ್ಕಳು. ನಿಂಗಕ್ಕ ಕೈಕೊಟ್ಟು ಎಬ್ಬಿಸಿದಳು. ಆಕೆ ಊರಿದ ಸಾಲು ಹಾವು ಹರಿದಂತೆ ಡೊಂಕಾಯಿತು. ಬದುವಿನ ಮೇಲೆ ನಿಂತಿದ್ದ ಪಂಪೇಶ ಅದನ್ನು ನೋಡಲಾಗದೆ, "ಎಡಕ್ಕ, ಎಡಕ್ಕ! ಇನ್ನ ಸ್ವಲ್ಪ ಬಲಕ್ಕ!" ಎಂದು ಕೂಗಿದ. "ಯಜಮಾನ್ರ, ನೀವೂ ಇಳೀರಿ" ಎಂದು ಯಾರೋ ಕರೆದದ್ದೇ ತಡ, ಅವನು ಪಂಪಿನ ಕೋಣೆಯ ಹಿಂದೆ ಮಾಯವಾದ.

ಬುತ್ತಿಯ ಹೊತ್ತಿಗೆ ನಾಟಿಯ ಹೆಂಗಸರೆಲ್ಲ ಹೂತು ನಿಂತ ಗಾಡಿಗೆ ಬಂದರು. ಕಾಲು ತೊಳೆದು, ಸರದಿಯ ಮೇಲೆ ಒಬ್ಬೊಬ್ಬರೇ ಮಂಚದ ಮೇಲೆ ಮಲಗಿ ನೋಡಿದರು. ನಿಂಗಕ್ಕ ಫ್ರಿಜ್ಜಿನ ಬಾಗಿಲು ತೆಗೆದು, ಒಳಗೆ ಕೈಯಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತಳು. ಭವ್ಯ ಮಂಡಕ್ಕಿಗೆ ಒಗ್ಗರಣೆ ಹಾಕಿದಳು. ಹೆಂಗಸರ ಬುತ್ತಿಯಿಂದ ಮೆಣಸಿನಕಾಯಿ, ಉಪ್ಪಿನಕಾಯಿ, ಮೊಸರು ಬಂದವು. ದುರ್ಗಕ್ಕ ಡ್ರೈವರ್ ಸೀಟಿನಲ್ಲಿ ಕೂತು, ಗಾಡಿ ತನ್ನದೇ ಎಂಬಂತೆ, ಯಾವ ಗುಂಡಿ ಒತ್ತಿದರೆ ಏನು ಆಗುತ್ತದೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅರ್ಧ ತಪ್ಪು ತೋರಿಸಿದಳು. ಒಂದು ಸಲ ಒರೆಸುವ ಕಡ್ಡಿ ಎದ್ದು ಒಣಗಿದ ಗಾಜಿನ ಮೇಲೆ ಕಿರುಗುಟ್ಟಿತು, ಇನ್ನೊಂದು ಸಲ ಹಾರ್ನು ಕೂಗಿ ಬದುವಿನ ಮೇಲಿದ್ದ ಎಮ್ಮೆಗಳು ಕಾಲುವೆಗೆ ಇಳಿದವು.

ಮರುದಿನ ಚುರುಕು ಬಿಸಿಲು ಬಿತ್ತು. ಹೊತ್ತು ಏರಿದ ಮೇಲೆ ಅಂಜಿನಯ್ಯ ಟ್ರ್ಯಾಕ್ಟರ್ ತಂದ. ಗಾಲಿಯ ಕೆಳಗೆ ಹುಲ್ಲು, ಸೋಗೆ, ಕಲ್ಲು ತುಂಬಿ, ಹಗ್ಗ ಬಿಗಿದು ಎಳೆದರು. ಹಿಂದಿನಿಂದ ನಾಟಿಯ ಹೆಂಗಸರು ನೂಕಿದರು. ಗಾಡಿ ಒಮ್ಮೆ ಗುಟುರು ಹಾಕಿ, ಕೆಸರಿನಿಂದ ಕಿತ್ತು ಮೇಲೆ ಬಂದು, ದಂಡೆ ಹತ್ತಿತು. ಎಲ್ಲರೂ ಹೋ ಎಂದು ಕೂಗಿದರು.

"ಹತ್ತು ಅಮ್ಮ" ಎಂದಳು ಭವ್ಯ.

"ನೀವು ಮುಂದ ನಡೀರಿ. ನಾ ಟಾರ್ ರೋಡಿನ ಮಟ ನಡಕೊಂಡು ಬರ್ತೀನಿ" ಎಂದು ರೇಣುಕಾದೇವಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದಳು. ನಿಂಗಕ್ಕ ಜೊತೆಗೆ ಹೊರಟಳು. ಗಾಡಿ ಮುಂದೆ ತೆವಳುತ್ತಿತ್ತು, ಹಿಂದೆ ಇವರಿಬ್ಬರು. ಕಾಲುವೆ ತುಂಬಿ ಹರಿಯುತ್ತಿತ್ತು. ಈ ದಾರಿ ಇನ್ನೂ ಒಳಗೆ ಎಲ್ಲಿಗೆ ಹೋಗುತ್ತದೆ ಎಂದು ರೇಣುಕಾದೇವಿ ಕೇಳಿದಳು. ಮುಂದೆ ಒಂದು ಹಳ್ಳ, ಹಳ್ಳ ದಾಟಿದರೆ ಮಾವಿನ ತೋಪು, ಬೇಸಿಗೆಯಲ್ಲಿ ಬಂದರೆ ಅಲ್ಲಿ ನಿಲ್ಲಬಹುದು, ಆದರೆ ಮಂಗಗಳ ಕಾಟ ಎಂದು ನಿಂಗಕ್ಕ ಹೇಳಿದಳು. ಮಂಗ ಬಂದರೆ ಅತ್ತೆಯನ್ನು ಬಾಗಿಲಲ್ಲಿ ಕೂರಿಸುತ್ತೇನೆ ಎಂದಳು ರೇಣುಕಾದೇವಿ. ಅಷ್ಟಕ್ಕೇ ಇಬ್ಬರೂ ನಿಂತು ನಕ್ಕರು. ಗಂಡ, ಮಕ್ಕಳು, ಮೊಣಕಾಲಿನ ನೋವು, ಕಂಪ್ಲಿಯ ಸಂತೆಯಲ್ಲಿ ಯಾರ ಅಂಗಡಿಯ ಬಟ್ಟೆ ಬಣ್ಣ ಬಿಡುವುದಿಲ್ಲ ಎಂಬುದು, ಎಲ್ಲ ಬಂತು.

ಟಾರ್ ರೋಡು ಮುಟ್ಟಿದರೂ ಮಾತು ಮುಗಿದಿರಲಿಲ್ಲ. ಇಬ್ಬರೂ ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತರು. ಭವ್ಯ ಕನ್ನಡಿಯಲ್ಲಿ ನೋಡಿ, ಸ್ವಲ್ಪ ಹೊತ್ತು ಕಾದು, ಇಂಜಿನ್ ಬಂದ್ ಮಾಡಿದಳು.